ಒಡ್ಡು ದಾಟಿದ ಹುಣಸೆಮರ

ಚಿತ್ರ ಬರೆಯುವುದು ಅಂಥ ಕಷ್ಟದ ಕೆಲಸವಲ್ಲ ಎಂಬ ತೀರ್ಮಾನಕ್ಕೆ ನಾನು ಕುಂಚ ಹಿಡಿಯುವ ಮೊದಲೇ ಬಂದಿದ್ದೆ. ತೀರ್ಮಾನ ಮೊದಲು, ಆಧಾರ ಆಮೇಲೆ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದವರ ಪದ್ಧತಿಯೇ ಇದು. ಸುರಪುರದಲ್ಲಿ ಕಾಲೇಜು ಓದುವಾಗ ನಾನು ಗೆದ್ದ ಢಾಲುಗಳು ಇವತ್ತಿಗೂ ತವರುಮನೆಯ ಕಪಾಟಿನಲ್ಲಿವೆ. ವಿಷಯದ ಪರ ಮಾತಾಡು ಎಂದರೆ ಪರ, ವಿರೋಧ ಎಂದರೆ ವಿರೋಧ. ಊಟ ಮುಗಿಸಿ ಬಂದು ಪಕ್ಷ ಬದಲಿಸು ಎಂದರೆ ಅದಕ್ಕೂ ಸಿದ್ಧ. ಬೆಕ್ಕು ಅಡ್ಡ ಬಂದರೆ ನಾನು ನಿಲ್ಲುವುದಿಲ್ಲ. ನಿಂತವರ ಬಳಿ ಹೋಗಿ ಯಾಕೆ ನಿಂತಿರಿ, ಆಧಾರವೇನು ಎಂದು ಕೇಳುತ್ತೇನೆ. ಬೆಕ್ಕಿನಿಂದ ಆಗುವುದಕ್ಕಿಂತ ಹೆಚ್ಚು ತಡ ಅವರಿಗೆ ನನ್ನಿಂದ ಆಗುತ್ತದೆ.

ಮದುವೆಯಾಗಿ ಶಹಾಪುರಕ್ಕೆ ಬಂದು ಒಂದು ಕಚೇರಿಯಲ್ಲಿ ಗುಮಾಸ್ತೆಯಾದ ಮೇಲೆ ವಾದಿಸಲು ಜನ ಸಿಗದಂತಾಯಿತು. ಕಚೇರಿಯಲ್ಲಿ ಸಾಹೇಬರೊಡನೆ ವಾದಿಸುವಂತಿಲ್ಲ. ಮನೆಯಲ್ಲಿ ಗಂಡ ಶರಣು ಗಣಿತದ ಮೇಷ್ಟ್ರು. ನನ್ನ ಎರಡನೆಯ ವಾಕ್ಯಕ್ಕೇ "ಹೌದು, ನೀ ಹೇಳಿದ್ದೇ ಖರೆ" ಎಂದು ಒಪ್ಪಿ ಬಿಡುವ ದುರಭ್ಯಾಸ ಅವನಿಗೆ. ಹೀಗೆ ಖಾಲಿ ಉಳಿದ ಸಂಜೆಗಳಲ್ಲಿ ಚಿತ್ರಕಲೆ ಬಂದು ಕೂತಿತು.

ಮಾಳಿಗೆಯ ಮೇಲಿನ ತಗಡಿನ ಕೋಣೆಯನ್ನು ಸ್ಟುಡಿಯೋ ಎಂದು ಘೋಷಿಸಿದೆ. ಅಲ್ಲಿ ಮೊದಲೇ ಇದ್ದ ನೀರಿನ ಮೋಟಾರಿನ ಸ್ವಿಚ್ಚು, ಕೆಟ್ಟ ಕೂಲರ್ ಮತ್ತು ತೊಗರಿಬೇಳೆಯ ಚೀಲ ಕೂಡ ತಂತಾವೇ ಸ್ಟುಡಿಯೋದ ಅಂಗಗಳಾದವು. ಮಧ್ಯಾಹ್ನ ಅಲ್ಲಿ ಕೂತರೆ ಬಣ್ಣವು ಕುಂಚದಿಂದ ಕಾಗದಕ್ಕೆ ಹೋಗುವ ದಾರಿಯಲ್ಲೇ ಒಣಗುತ್ತಿತ್ತು. ಆದ್ದರಿಂದ ಹೊರಾಂಗಣ ಚಿತ್ರಕಲೆಯೇ ಶ್ರೇಷ್ಠ ಎಂದು ವಾದ ಬದಲಿಸಿ ಹೊರಗೆ ಹೊರಟೆ.

ಯಾದಗಿರಿಯ ಕೋಟೆಯನ್ನು ಬರೆಯಲು ಹೋದಾಗ ಬಿಸಿಲಿನಲ್ಲಿ ಡಬ್ಬಿ, ಕುಂಚ ಹರಡಿಕೊಂಡು ಕೂತಿದ್ದೆ. ಒಬ್ಬ ಹೆಂಗಸು ಬಹಳ ಹೊತ್ತು ನನ್ನ ಹಿಂದೆಯೇ ನಿಂತು ಕೊನೆಗೆ ಕೇಳಿದಳು: "ಕ್ವಾಟಿಗಿ ಬಣ್ಣಾ ಹಚ್ಚೋರು ನೀವೇ ಏನ್ರಿ? ಮತ್ತ ಇಷ್ಟೇ ಡಬ್ಬಿ ತಂದೀರಿ?"

ಶಹಾಪುರದ ಗುಡ್ಡದ ಪ್ರಸಂಗ ಇನ್ನೂ ಗಂಭೀರವಾದದ್ದು. ದೂರದಿಂದ ನೋಡಿದರೆ ಆ ಗುಡ್ಡ ಮಲಗಿದ ಬುದ್ಧನ ಹಾಗೆ ಕಾಣುತ್ತದೆ ಎಂದು ಊರೆಲ್ಲ ಹೇಳುತ್ತದೆ. ಊರೆಲ್ಲ ಹೇಳುವುದು ಆಧಾರವಾಗದು ಎಂದು ನಾನು. ಜನ ಹೇಳಿದ್ದರಿಂದ ನಮಗೆ ಕಾಣುತ್ತದೆ, ಹೇಳದಿದ್ದರೆ ಬರೀ ಕಲ್ಲು ಎಂಬುದನ್ನು ಸಾಧಿಸಲೆಂದೇ ಗುಡ್ಡವನ್ನು ಇದ್ದಂತೆ ಬರೆದು ಶರಣುವಿಗೆ ತೋರಿಸಿದೆ.

"ಬುದ್ಧ ಎಲ್ಲದಾನ?" ಎಂದ.

"ಬುದ್ಧ ಇಲ್ಲ. ಕಣ್ಣಿಗೆ ಕಂಡದ್ದಷ್ಟೇ ಬರದೀನಿ. ಬರೇ ಗುಡ್ಡ."

ಶರಣು ಚಿತ್ರವನ್ನು ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ.

"ಗುಡ್ಡ ಎಲ್ಲದ?"

ಇಷ್ಟಾದ ಮೇಲೂ ನನ್ನ ಆತ್ಮವಿಶ್ವಾಸಕ್ಕೆ ಧಕ್ಕೆ ಬರಲಿಲ್ಲ. ತಪ್ಪು ಗುಡ್ಡದ್ದು, ವಿಷಯದ ಆಯ್ಕೆ ಸರಿಯಾಗಬೇಕು ಎಂದುಕೊಂಡು ತವರಿಗೆ ಹೊರಟೆ.

ನನ್ನ ತವರೂರು ಹುಣಸಗಿಯಿಂದ ಸ್ವಲ್ಪ ಒಳಗೆ, ಕಾಲುವೆಯ ನೀರು ಬರುವ ಸೀಮೆಯಲ್ಲಿದೆ. ಅಲ್ಲಿ ಅಪ್ಪನ ಹೊಲ, ಅದಕ್ಕೆ ಹೊಂದಿಕೊಂಡು ಅಪ್ಪನ ತಮ್ಮ ಸಾಬಣ್ಣ ಕಾಕಾನ ಹೊಲ. ನಡುವೆ ಒಂದು ಒಡ್ಡು, ಅಂದರೆ ಮಣ್ಣಿನ ಬದು. ಕಾಲುವೆಯ ರಸ್ತೆಯ ಮೇಲೆ ನಿಂತು ನೋಡಿದರೆ ಒಡ್ಡಿನ ಎಡಕ್ಕೆ ಅಪ್ಪನದು, ಬಲಕ್ಕೆ ಕಾಕಾನದು. ಎಡಗಡೆ, ಅಪ್ಪನ ಹೊಲದಲ್ಲಿ, ಅಜ್ಜನ ಕಾಲದ ಒಂದು ದೊಡ್ಡ ಹುಣಸೆಮರ. ಓದುಗರು ಈ ಎಡ ಬಲಗಳನ್ನು ದಯವಿಟ್ಟು ನೆನಪಿಡಬೇಕು. ನಾನು ನೆನಪಿಡಲಿಲ್ಲ.

ಶರಣುವಿನ ಶಾಲೆಯಿಂದ ಕೇಳಿ ತಂದ ಮೂರು ಕಾಲಿನ ಹಲಗೆಯ ಸ್ಟ್ಯಾಂಡನ್ನು ರಸ್ತೆಯ ಮೇಲೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಕುಂಚವನ್ನು ಮುಂದೆ ಹಿಡಿದು ಮರ ಅಳೆಯುತ್ತಿದ್ದೆ. ಬೈಕಿನಲ್ಲಿ ಹೋಗುತ್ತಿದ್ದ ರೈತನೊಬ್ಬ ಗಾಬರಿಯಿಂದ ನಿಂತ.

"ಮೇಡಂ, ಕಾಲುವಿ ಅಗಲ ಮಾಡಾಕತ್ತಾರೇನ್ರಿ?"

"ಇಲ್ರಿ. ನಾ ಚಿತ್ರ ತಗಿಯಾಕತ್ತೀನಿ."

"ಅದೇ ಅಲ್ರಿ. ಮೊದಲ ಚಿತ್ರ ತಗೀತೀರಿ, ಆಮ್ಯಾಲ ಹೊಲ ತಗೀತೀರಿ."

ಅಂತೂ ಸಂಜೆಯ ಹೊತ್ತಿಗೆ ಒಂದು ರೇಖಾಚಿತ್ರ ಮುಗಿಸಿ, ಅದನ್ನು ಶಹಾಪುರದ ಸ್ಟುಡಿಯೋಗೆ ಒಯ್ದು ದೊಡ್ಡದಾಗಿ ಬರೆಯಲು ಕೂತೆ. ಫೋಟೊ ತೆಗೆದುಕೊಂಡಿರಲಿಲ್ಲ. ಫೋಟೊ ನೋಡಿ ಬರೆಯುವುದು ಪರೀಕ್ಷೆಯಲ್ಲಿ ಕಾಪಿ ಹೊಡೆದಂತೆ ಎಂಬುದು ನನ್ನ ಸಿದ್ಧಾಂತ. ಆಗ ಒಂದು ತೊಡಕು ಕಂಡಿತು. ಮರ ಚಿತ್ರದ ಎಡ ಅಂಚಿಗೆ ಒತ್ತಿಕೊಂಡು, ಬಸ್ಸಿನ ಬಾಗಿಲಿಗೆ ಜೋತುಬಿದ್ದವರ ಹಾಗೆ ನಿಂತಿತ್ತು. ಬಲಗಡೆ ಪೂರಾ ಖಾಲಿ. ಮುಖ್ಯ ವಸ್ತು ಅಂಚಿನಲ್ಲಿ ಇರಬಾರದು ಎಂದು ಮೊಬೈಲಿನಲ್ಲಿ ಪಾಠ ಹೇಳುವ ಕಲಾವಿದರು ಬಾರಿಬಾರಿ ಹೇಳಿದ್ದರು. ಹಿಂದು ಮುಂದು ನೋಡದೆ ನಾನು ಮರವನ್ನು ಎತ್ತಿ ಒಡ್ಡಿನ ಬಲಕ್ಕೆ ಇಟ್ಟೆ. ಜೆಸಿಬಿಯಿಂದಲೂ ಆಗದ ಕೆಲಸವನ್ನು ಒಂದು ಕುಂಚ ಮಾಡಿತು. ಆಮೇಲೂ ಏನೋ ಕೊರತೆ ಅನ್ನಿಸಿ, ನಮ್ಮ ಹೊಲದಿಂದ ಕಾಣಿಸದೇ ಇರುವ ಸುರಪುರದ ಗುಡ್ಡವನ್ನೂ ಹಿಂದೆ ತಂದು ಕೂರಿಸಿದೆ. ಚಿತ್ರಕ್ಕೆ ಚೌಕಟ್ಟು ಹಾಕಿಸಿ, ಅವ್ವನಿಗೆ ಕಾಣಿಕೆ ಎಂದು ಶರಣುವಿನೊಡನೆ ಮತ್ತೆ ಊರಿಗೆ ಹೋದೆ.

ಈ ನಡುವೆ ಊರಿನಲ್ಲಿ ಏನಾಗಿತ್ತೆಂದು ನನಗೆ ಯಾರೂ ಹೇಳಿರಲಿಲ್ಲ. ಅಪ್ಪ ಮತ್ತು ಕಾಕಾ ಇಬ್ಬರೂ ಕೂಡಿ ಭತ್ತ ಹಾಕುವುದೆಂದು ಹೊಲ ಸಮ ಮಾಡಿಸಲು ಟ್ರ್ಯಾಕ್ಟರ್ ಹಚ್ಚಿದ್ದರು. ಟ್ರ್ಯಾಕ್ಟರಿನವನು ಉತ್ಸಾಹಿ. ಎರಡು ಹೊಲಗಳ ಜೊತೆ ನಡುವಿನ ಒಡ್ಡನ್ನೂ ಸಮ ಮಾಡಿ ಹೋಗಿದ್ದ. ಈಗ ಮರ ಮಾತ್ರ ಇತ್ತು, ಒಡ್ಡು ಇರಲಿಲ್ಲ. ಹೊಸ ಒಡ್ಡು ಹಾಕಲು ಹೋದಾಗ ಕಾಕಾ ಮರದ ಎಡಗಡೆ ನಿಂತು "ಇಲ್ಲಿತ್ತು" ಎಂದಿದ್ದ. ಅಪ್ಪ ಬಲಗಡೆ ನಿಂತು "ಇಲ್ಲಿತ್ತು" ಎಂದಿದ್ದ. ಹೊಲದ ನಾಲ್ಕು ಮಾರು ಹೆಚ್ಚುಕಮ್ಮಿಗೆ ಇಬ್ಬರೂ ತಲೆ ಕೆಡಿಸಿಕೊಳ್ಳುವವರಲ್ಲ. ಮಾತು ಅಜ್ಜ ನೆಟ್ಟ ಮರದ್ದು. ಎರಡೂ ಮನೆಯವರು ಇಷ್ಟು ವರ್ಷ ಒಟ್ಟಿಗೇ ಹುಣಸೆಹಣ್ಣು ಬಡಿದುಕೊಂಡಿದ್ದರಿಂದ ಮರ ಯಾರದೆಂದು ಕೇಳುವ ಪ್ರಸಂಗವೇ ಬಂದಿರಲಿಲ್ಲ. ಸರ್ವೆಗೆ ಅರ್ಜಿ ಕೊಟ್ಟರೆ ಅದು ಬರುವಾಗ ಬರುತ್ತದೆ. ಕಾಲುವೆಗೆ ಮಾತ್ರ ನೀರು ಬಿಟ್ಟಾಗಿತ್ತು, ಸಸಿ ಬೆಳೆದು ನಿಂತಿತ್ತು. ಒಡ್ಡು ಬೀಳುವ ತನಕ ನಾಟಿ ಇಲ್ಲ. ಅಣ್ಣತಮ್ಮಂದಿರ ನಡುವೆ ಮಾತೂ ಇಲ್ಲ.

ಇಂಥ ಶುಭ ಮುಹೂರ್ತದಲ್ಲಿ ನಾನು ಚಿತ್ರವನ್ನು ಪಡಸಾಲೆಯ ಗೋಡೆಗೆ ತೂಗು ಹಾಕಿದೆ.

ಅವ್ವ ಕಣ್ಣರಳಿಸಿ, "ಎಷ್ಟ್ ಛಲೋ ತಗದಾಳ ನೋಡ್ರಿ" ಎಂದು ಓಣಿಯವರನ್ನೆಲ್ಲ ಕರೆದಳು. ಅಪ್ಪ ಹೊಲದಲ್ಲಿದ್ದ. ಬಂದವರ ಹಿಂದೆ ಪಕ್ಕದ ಮನೆಯ ಸಾಬಣ್ಣ ಕಾಕಾನೂ ಬಂದು ಬಾಗಿಲಲ್ಲಿ ನಿಂತ. ಚಿತ್ರವನ್ನು ನೋಡಿದ. ಇನ್ನೂ ಹತ್ತಿರ ಬಂದು ನೋಡಿದ. ನನ್ನ ಚಿತ್ರವನ್ನು ಅಷ್ಟು ಭಕ್ತಿಯಿಂದ ನೋಡಿದವರನ್ನು ನಾನು ಕಂಡಿರಲಿಲ್ಲ. ಎದೆ ತುಂಬಿ ಬಂತು.

"ಸುಜಾತಾ, ಇದನ್ನ ನೀನು ಹೊಲದಾಗ ನಿಂತು ತಗದಿ ಹೌದಿಲ್ಲೋ?"

"ಹೌದು ಕಾಕಾ."

"ನೋಡಿ ತಗದ್ಯೋ, ಅಂದಾಜಿಲೆ ತಗದ್ಯೋ?"

ಸಂದೇಹವಾದಿಯ ಮುಂದೆ ಕೇಳಬಾರದ ಪ್ರಶ್ನೆ. ನಾನು ಗಂಟಲು ಸರಿಮಾಡಿಕೊಂಡೆ. "ಕಾಕಾ, ಅಂದಾಜು, ಕೇಳಿದ ಮಾತು, ನಂಬಿಕಿ, ಇವ್ಯಾವೂ ನನ್ನ ಹತ್ರ ನಡಿಯಂಗಿಲ್ಲ. ನನ್ನ ಕಣ್ಣಿಗೆ ಕಂಡದ್ದನ್ನಷ್ಟೇ ತಗೀತೀನಿ."

"ಇನ್ನೊಮ್ಮಿ ಹೇಳು."

ಇನ್ನೊಮ್ಮೆ ಹೇಳಿದೆ, ಈ ಸಲ ಹಿಂದಿನವರಿಗೂ ಕೇಳುವ ಹಾಗೆ.

"ಕೇಳಿದ್ರೆಲ್ಲಾ?" ಎಂದು ಕಾಕಾ ಓಣಿಯವರ ಕಡೆ ತಿರುಗಿದ. ಆಮೇಲೆ ಚಿತ್ರವನ್ನು ಗೋಡೆಯಿಂದ ಇಳಿಸಿ, ಎದೆಗೆ ಅವಚಿಕೊಂಡು, ಹಣಮಂತ ದೇವರ ಕಟ್ಟೆಯ ಕಡೆ ನಡೆದುಬಿಟ್ಟ.

ಅವ್ವ ನಡೆದದ್ದನ್ನೆಲ್ಲ ಹೇಳಿದ ಮೇಲೆ ನಾನು ಕೆಳಗೆ ಕೂತೆ. ಶರಣು ನೀರು ತಂದುಕೊಟ್ಟ.

"ಮರ ಎಡಕ್ಕಿತ್ತು," ಎಂದೆ. "ಚಂದ ಕಾಣ್ಲಿ ಅಂತ ನಾನೇ ಆಚಿಗಿ ಇಟ್ಟೆ."

"ಹೌದು," ಎಂದ ಶರಣು. "ಆದ್ರ ಚಂದಾನೂ ಕಾಣಂಗಿಲ್ಲ."

ಕಟ್ಟೆಯ ಮೇಲೆ ಜನ ಸೇರಿದ್ದರು. ಫೈಸಲಾ, ಅಂದರೆ ತೀರ್ಪು, ಹೇಳಲು ಊರ ಹಿರಿಯ ದೇವಿಂದ್ರಪ್ಪ ಮುತ್ಯಾನನ್ನು ಕರೆತಂದಿದ್ದರು. ಚಿತ್ರಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟಿದ್ದರು. ಅಪ್ಪ ನಿಂತುಕೊಂಡಿದ್ದ. ಕುರ್ಚಿಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದ, ಅಷ್ಟೇ. ಹೊಡೆದಿದ್ದರೆ ಚೆನ್ನಾಗಿತ್ತು.

ಮೊಬೈಲುಗಳಲ್ಲಿ ಹುಡುಕುವುದು ಆಗಲೇ ಮುಗಿದಿತ್ತು. ಆ ಹೊಲದಲ್ಲಿ ತೆಗೆದ ಫೋಟೊಗಳು ಊರಿನ ಎಲ್ಲರ ಹತ್ತಿರ ಇದ್ದವು. ಎಲ್ಲದರಲ್ಲೂ ಅವರವರ ಮುಖ ಎಷ್ಟು ದೊಡ್ಡದಿತ್ತೆಂದರೆ ಹೊಲಕ್ಕೆ ಜಾಗವೇ ಉಳಿದಿರಲಿಲ್ಲ. ಉಪಗ್ರಹದ ನಕಾಶೆ ತೆರೆದರೆ ಒಂದು ಹಸಿರು ಕಲೆ. ಅದರಲ್ಲಿ ಇಬ್ಬರಿಗೂ ತಮ್ಮತಮ್ಮ ಒಡ್ಡು ಸ್ಪಷ್ಟವಾಗಿ ಕಂಡಿತು. ಉಳಿದ ಸಬೂತು ಒಂದೇ, ನನ್ನ ಕಲಾಕೃತಿ.

"ಮುತ್ಯಾ, ಈ ಚಿತ್ರ ತಪ್ಪೈತಿ," ಎಂದೆ. "ಮರ ಎಡಕ್ಕಿತ್ತು. ನಾನೇ ಬಲಕ್ಕ ಸರಿಸೀನಿ."

ಮುತ್ಯಾ ನನ್ನ ಕೈಗಳನ್ನು ನೋಡಿದ. "ಅಷ್ಟ್ ದೊಡ್ಡ ಮರ ನೀನು ಸರಿಸಿದಿ?"

"ಚಿತ್ರದಾಗ, ಮುತ್ಯಾ."

"ಯಾಕ ಸರಿಸಿದಿ?"

"ಎಡಕ ಇದ್ರ ಚಂದ ಕಾಣ್ತಿರಲಿಲ್ಲ."

"ಆ ಮರ ಇದ್ದಲ್ಲೇ ಇಷ್ಟು ವರ್ಷ ನಮಗೆಲ್ಲ ಚಂದೇ ಕಂಡೈತಲ್ಲವ್ವ," ಎಂದು ಮುತ್ಯಾ ಅನ್ನುವಷ್ಟರಲ್ಲಿ ಕಾಕಾ ಎದ್ದು ನಿಂತ.

"ಮುತ್ಯಾ, ಮುಂಜಾನಿ ಕಣ್ಣಿಗೆ ಕಂಡದ್ದಷ್ಟೇ ತಗೀತೀನಿ ಅಂತ ಎರಡು ಸರ್ತಿ ಹೇಳ್ಯಾಳ. ಮಂದಿ ಕೇಳ್ಯಾರ. ಈಗ ಅಪ್ಪನ ಮಾರಿ ನೋಡಿ ಮಾತು ತಿರುವಾಕತ್ಯಾಳ."

ಮುತ್ಯಾ ತಲೆಯಾಡಿಸಿದ. "ಸಾಬಣ್ಣ ಹೇಳೋದು ವಾಜಿಬಿ ಐತಿ. ಮಗಳು ಅಪ್ಪನ ಕಡಿ ಮಾತಾಡ್ತಾಳ, ಅದು ಸಹಜ. ಚಿತ್ರಕ್ಕ ಅಪ್ಪ ಇಲ್ಲ, ಕಾಕಾ ಇಲ್ಲ. ಅದು ಸುಳ್ಳು ಯಾಕ ಹೇಳ್ತೈತಿ?"

ನನ್ನ ಜೀವಮಾನದಲ್ಲಿ ನನ್ನ ವಿರುದ್ಧ ಇಷ್ಟು ಒಳ್ಳೆಯ ವಾದವನ್ನು ನಾನು ಕೇಳಿರಲಿಲ್ಲ. ಸ್ಪರ್ಧೆಯಾಗಿದ್ದರೆ ಚಪ್ಪಾಳೆ ತಟ್ಟುತ್ತಿದ್ದೆ. ಅಪ್ಪನ ಮರ ಹೋಗುವುದರಲ್ಲಿತ್ತು. ಉಳಿದಿದ್ದ ದಾರಿ ಒಂದೇ. ಈ ಚಿತ್ರವನ್ನು ಬರೆದವಳಿಗೆ ಚಿತ್ರ ಬರೆಯಲು ಬರುವುದೇ ಇಲ್ಲ ಎಂಬುದನ್ನು ನಿಸ್ಸಂಶಯವಾಗಿ ಸಾಧಿಸಬೇಕು. ಸೆರಗು ಸಿಕ್ಕಿಸಿ ಎದ್ದು ನಿಂತೆ. "ಮಾನ್ಯ ಅಧ್ಯಕ್ಷರೇ" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

"ಮುತ್ಯಾ, ಹಿಂದ ಇದೇನೈತಿ ನೋಡ್ರಿ. ಸುರಪುರದ ಗುಡ್ಡ. ನಮ್ಮ ಹೊಲದಾಗ ನಿಂತ್ರ ಸುರಪುರದ ಗುಡ್ಡ ಕಾಣ್ತೈತೇನ್ರಿ?"

ಜನ ಗುಜುಗುಜು ಎಂದರು. ಇಲ್ಲ, ಕಾಣುವುದಿಲ್ಲ. ಮೊದಲ ಅಂಕ ನನಗೆ ಎಂದುಕೊಂಡೆ.

"ಗುಡ್ಡದ ಮ್ಯಾಲ ನನ್ನ ತಕರಾರಿಲ್ಲ," ಎಂದ ಕಾಕಾ. "ಗುಡ್ಡ ದೂರದ ಮಾತು. ಮರ ಮಾರಿ ಮುಂದ ಇತ್ತು."

"ಸರಿ. ನೆರಳು ನೋಡ್ರಿ. ಮರದ ನೆರಳು ಈ ಕಡಿ, ಒಡ್ಡಿನ ನೆರಳು ಆ ಕಡಿ. ಸೂರ್ಯ ಎಷ್ಟದಾವ?"

"ಮುಂಜಾನಿ ಮರ ತಗದಿರ್ತಾಳ, ಸಂಜಿಕ ಒಡ್ಡು ತಗದಿರ್ತಾಳ," ಎಂದಳು ಅವ್ವ, ಹಿಂದಿನಿಂದ. "ಸುಮ್ನ ತಪ್ಪು ಹುಡುಕಿ ನನ್ನ ಮಗಳ ಚಿತ್ರಕ ಹೆಸರಿಡಬ್ಯಾಡ್ರಿ."

"ಅವ್ವಾ, ಹೆಸರಿಡಾಕತ್ತಾಕಿ ನಾನೇ."

"ನೀನೂ ಇಡಬ್ಯಾಡ. ಛಲೋ ಐತಿ."

ಕೆಲವರು ಹೌದೆಂದರು. ಒಬ್ಬ ಬಣ್ಣ ಹೊಂದಿದೆ ಎಂದ. ಇನ್ನೊಬ್ಬ ಚೌಕಟ್ಟು ಗಟ್ಟಿ ಇದೆ ಎಂದ. ಜೀವನದಲ್ಲಿ ಮೊದಲ ಸಲ ನನ್ನ ಚಿತ್ರವನ್ನು ಒಂದು ಸಭೆ ಹೊಗಳುತ್ತಿತ್ತು, ಮತ್ತು ನಾನು ಒಂದೊಂದು ಹೊಗಳಿಕೆಯನ್ನೂ ಹುಡುಕಿ ಹುಡುಕಿ ಕೊಲ್ಲಬೇಕಾಗಿತ್ತು. ಕಾಕಾ ಗೆದ್ದವರ ಹಾಗೆ ಮೀಸೆ ಸವರಿಕೊಂಡ. ಅಪ್ಪ ಮೆಲ್ಲಗೆ, "ಬಿಡು, ಸುಜಾತಾ. ನಡಿ ಮನಿಗಿ," ಎಂದ.

ಹೊರಡಲಿಲ್ಲ. ಕಣ್ಣು ಚಿತ್ರದ ಬಲಮೂಲೆಯಲ್ಲಿ ನಿಂತಿತು. ಅಲ್ಲಿ ಹಸಿರು, ಕಪ್ಪು ಬೆರೆತ ಒಂದು ಗುಂಡಗಿನ ಆಕೃತಿ ಇತ್ತು.

"ಇದೇನು ಹೇಳ್ರಿ," ಎಂದೆ.

"ಎಮ್ಮಿ," ಎಂದಳು ಅವ್ವ ಹೆಮ್ಮೆಯಿಂದ. "ಹೆಂಗ್ ಕುಂತೈತಿ ನೋಡ್ರಿ, ಜೀವ ಇದ್ದಂಗ."

"ಎಮ್ಮಿ ಅಲ್ಲ ಬಿಡ್ರಿ, ಮೋಟಾರಿಗೆ ತಾಡಪತ್ರಿ ಹೊಚ್ಯಾರ," ಎಂದ ಒಬ್ಬ.

"ಗೊಬ್ಬರದ ತಿಪ್ಪಿ ಇರಬೇಕು," ಎಂದ ಮತ್ತೊಬ್ಬ.

"ಎಮ್ಮಿನೇ," ಎಂದು ಕಾಕಾ ಖಚಿತವಾಗಿ ಹೇಳಿದ. ಚಿತ್ರದ ಪರವಾಗಿ ಮಾತಾಡುವುದು ಈಗ ಅವನ ಧರ್ಮವಾಗಿತ್ತು. "ನಮ್ಮನಿ ಎಮ್ಮಿನೇ ಅದು. ನೋಡಿದ ಕೂಡಲೇ ಗುರುತು ಸಿಗ್ತೈತಿ. ಅಷ್ಟ್ ಬರೊಬ್ಬರಿ ತಗದಾಳ."

ನಾನು ಒಂದು ಕ್ಷಣ ತಡೆದೆ. ಮಾತಿಗೆ ಮುಂಚೆ ತಡೆಯುವುದನ್ನು ನಮಗೆ ಕಲಿಸಿದ್ದರು.

"ಅದು ನಿಂಗಮ್ಮ ಕಾಕಿ," ಎಂದೆ. "ಕಳೆ ತಗಿಯಾಕತ್ತಿದ್ಳು."

ನಿಂಗಮ್ಮ ಕಾಕಿ, ಅಂದರೆ ಸಾಬಣ್ಣ ಕಾಕಾನ ಹೆಂಡತಿ, ಹೆಂಗಸರ ನಡುವಿನಿಂದ ಎದ್ದು ಬಂದಳು. ನಾನು ರೇಖಾಚಿತ್ರ ಬರೆದ ದಿನ ಉಟ್ಟಿದ್ದ ಹಸಿರು ಸೀರೆಯನ್ನೇ ಈಗಲೂ ಉಟ್ಟಿದ್ದಳು. ಕುರ್ಚಿಯ ಮುಂದೆ ಬಗ್ಗಿ ನೋಡಿದಳು.

"ಇದು ನಾನಾ?"

ನಾನು ಮುತ್ಯಾನ ಕಡೆ ತಿರುಗಿದೆ.

"ಮುತ್ಯಾ," ಎಂದೆ, "ಚಿತ್ರ ಒಂದೇ. ಅರ್ಧ ಖರೆ, ಅರ್ಧ ಸುಳ್ಳು ಅಂತ ಬೇಕಾದಂಗ ಆರಿಸಿಕೊಳ್ಳಾಕ ಬರಂಗಿಲ್ಲ. ಮರ ಖರೆ ಅಂದ್ರ ಕಾಕಿನೂ ಹಿಂಗೇ ಅದಾಳ. ಕಾಕಿ ಹಿಂಗಿಲ್ಲ ಅಂದ್ರ ಮರಾನೂ ಅಲ್ಲಿಲ್ಲ. ಕಾಕಾನೇ ಹೇಳಲಿ."

ಎಲ್ಲರೂ ಕಾಕಾನ ಕಡೆ ನೋಡಿದರು. ಕಾಕಾ ಚಿತ್ರವನ್ನು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಚಿತ್ರವನ್ನು ನೋಡಿದ. ಇಷ್ಟು ಸುಲಭದ ಪ್ರಶ್ನೆಗೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡ.

"ಏನ್ ನೋಡಾಕತ್ತೀರಿ?" ಎಂದಳು ಕಾಕಿ. "ಹುಣಸಿಹಣ್ಣಿನ ಆಸೇಕ ಹೇಣ್ತಿನ್ನ ಎಮ್ಮಿ ಮಾಡ್ತೀರೇನು? ಹೇಳ್ರಿ ಮತ್ತ, ಮಂದಿ ಕಾಯಾಕತ್ಯಾರ. ರಾತ್ರಿ ರೊಟ್ಟಿ ಯಾರು ಬಡೀತಾರ, ಮರ ಬಡೀತೈತೇನು?"

ಕಾಕಾ ಹೆಗಲಿನ ಟಾವೆಲ್ಲು ತೆಗೆದು ಮುಖ ಒರೆಸಿಕೊಂಡ.

"ಚಿತ್ರ ಸುಳ್ಳೈತಿ, ಮುತ್ಯಾ."

ದೇವಿಂದ್ರಪ್ಪ ಮುತ್ಯಾ ಸಭೆಯನ್ನು ಕೇಳಿದ. ಚಿತ್ರ ಸುಳ್ಳು, ಬರೆದವಳಿಗೆ ಚಿತ್ರ ಬರೆಯಲು ಬರುವುದಿಲ್ಲ ಎಂಬುದಕ್ಕೆ ಎಲ್ಲರೂ ಕೈ ಎತ್ತಿದರು. ಅವ್ವನೂ ಎತ್ತಿದಳು. ಶರಣು ಮಾತ್ರ ಎರಡೂ ಕೈ ಎತ್ತಿದ್ದ. ಅಷ್ಟು ಢಾಲು ಗೆದ್ದವಳು ನಾನು. ಅವಿರೋಧವಾಗಿ ಗೆದ್ದದ್ದು ಇದೊಂದೇ.

ಮರ ಬಲಕ್ಕಿಲ್ಲವೆಂದರೆ ಎಡಕ್ಕೇ ಇರಬೇಕು ಎಂಬ ಮುತ್ಯಾನ ಫೈಸಲಾದಂತೆ ಅದೇ ಸಂಜೆ ಮರದ ಬಲಗಡೆಗೆ ಹಗ್ಗ ಹಿಡಿದು ಒಡ್ಡಿನ ಗುರುತು ಹಾಕಿದರು. ಹಗ್ಗದ ಒಂದು ತುದಿ ಅಪ್ಪನ ಕೈಯಲ್ಲಿ, ಇನ್ನೊಂದು ಕಾಕಾನ ಕೈಯಲ್ಲಿ. ಅಪ್ಪ ಆ ತುದಿಯಿಂದಲೇ, "ಹಣ್ಣು ಎಂದಿನಂಗ ಕೂಡೇ ಬಡಿಯೋಣ, ಸಾಬಣ್ಣ," ಎಂದ. ಕಾಕಾ "ಹೂಂ" ಎಂದ. ಎಷ್ಟೋ ದಿನದ ಮೇಲೆ ಅವರಾಡಿದ ಮೊದಲ ಮಾತು ಅದು ಎಂದು ಆಮೇಲೆ ಅವ್ವ ಹೇಳಿದಳು. ಮರುದಿನ ಎರಡೂ ಹೊಲಗಳಿಗೆ ನೀರು ಹಾಯಿತು.

ಚಿತ್ರ ಮಾತ್ರ ಕಟ್ಟೆಯ ಕುರ್ಚಿಯ ಮೇಲೆಯೇ ಉಳಿದಿತ್ತು. ಅದನ್ನು ಒಯ್ಯಲು ಹೋದರೆ ಕಾಕಾ ಅಲ್ಲಿ ಒಬ್ಬನೇ ಕೂತಿದ್ದ.

"ನಿಮ್ಮಪ್ಪಗ ಇದು ಬ್ಯಾಡಂತ?"

"ಮನಿ ಒಳಗ ತರಬ್ಯಾಡ ಅಂದಾನ."

"ಹಂಗಾದ್ರ ನನಗ ಕೊಡು," ಎಂದ ಕಾಕಾ. "ಇದರಾಗರ ಮರ ನಂದಿರಲಿ."

ನನ್ನ ಕಣ್ಣಲ್ಲಿ ನೀರು ಬಂತು. ಒಬ್ಬ ಮನುಷ್ಯ ಬಾಯಿಬಿಟ್ಟು ಕೇಳಿ ಪಡೆದ ನನ್ನ ಮೊದಲ ಚಿತ್ರ. ಕಲೆ ಅಂದರೆ ಇದೇ ಅಲ್ಲವೇ, ಬದುಕಿನಲ್ಲಿ ಸಿಗದದ್ದನ್ನು ಕೊಡುವುದು ಎಂದು ಬಸ್ಸಿನಲ್ಲಿ ಶಹಾಪುರದ ತನಕ ಶರಣುವಿಗೆ ಹೇಳುತ್ತ ಬಂದೆ. ಅವನು ಎಂದಿನಂತೆ ಒಪ್ಪಿದ.

ಹುಣಸೆಹಣ್ಣು ಬಡಿಯುವ ಕಾಲಕ್ಕೆ ಮತ್ತೆ ಊರಿಗೆ ಹೋದಾಗ ಇಬ್ಬರೂ ಕಾಕಾನ ಮನೆಗೆ ಹೋದೆವು. ಚಿತ್ರ ಪಡಸಾಲೆಯಲ್ಲಿ, ಟಿವಿಯ ಮೇಲುಗಡೆ, ಮರ್ಯಾದೆಯ ಜಾಗದಲ್ಲೇ ಇತ್ತು. ಮನೆಗೆ ಬಂದವರೆಲ್ಲ ಮರ ಎಲ್ಲಿದೆ ಎಂದು ಕೇಳಿ ಕೇಳಿ ಬೇಸರವಾಗಿ, ಕಾಕಾ ಹುಣಸಗಿಯಿಂದ ಬೋರ್ಡು ಬರೆಯುವವನನ್ನು ಕರೆಸಿ, ಚಿತ್ರದ ಮೇಲೆ ಕೆಂಪು ಬಣ್ಣದ ಬಾಣ ಹಾಕಿಸಿ, "ಹುಣಸಿ ಮರ" ಎಂದು ಬರೆಸಿದ್ದ. ಅಕ್ಷರಗಳು ಬಹಳ ದುಂಡಗಿದ್ದವು. ನಾನು ಎಮ್ಮೆ, ಕ್ಷಮಿಸಿ, ಕಾಕಿಯನ್ನು ಬರೆದಿದ್ದ ಮೂಲೆಯಲ್ಲಿ ನಿಂಗಮ್ಮ ಕಾಕಿ ತನ್ನ ಪಾಸ್‌ಪೋರ್ಟ್ ಅಳತೆಯ ಫೋಟೊ ಅಂಟಿಸಿದ್ದಳು.

ಶರಣು ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ಅದರ ಮುಂದೆ ನಿಂತ.

"ಈಗ ಸ್ವಲ್ಪ ಚಿತ್ರದಂಗ ಕಾಣಾಕತ್ತದ ನೋಡು," ಎಂದ.

ವಿರೋಧಿಸಬೇಕೆಂದು ಬಾಯಿ ತೆರೆದೆ. ಬಾಣವನ್ನು ಇನ್ನೊಮ್ಮೆ ನೋಡಿದೆ. ಮರ ಇಷ್ಟು ಸ್ಪಷ್ಟವಾಗಿ ನನಗೂ ಮೊದಲು ಕಂಡಿರಲಿಲ್ಲ.